ಡೆಲ್‌ರಾಯನ ಕೈಗುಣ

ಚೆಂಡು ಹಿಡಿಯುವ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಮೈಸೂರಿನಲ್ಲಿ ಓದುವಾಗ ನಾನು ಕಾಲೇಜಿನ ಥ್ರೋಬಾಲ್ ತಂಡದ ಕ್ಯಾಪ್ಟನ್ ಆಗಿದ್ದವಳು. ಹೊಸ ಹುಡುಗಿಯರನ್ನು ತಂಡಕ್ಕೆ ಆರಿಸುವಾಗ ನಾನು ಆಟ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದೆ. ಚೆಂಡು ಬಂದಾಗ ಬೆರಳು ಹೂವಿನ ಹಾಗೆ ಅರಳಿದರೆ ತಂಡದೊಳಗೆ, ಹಲಗೆಯ ಹಾಗೆ ಸೆಟೆದು ನಿಂತರೆ ಮನೆಗೆ. ಇಷ್ಟೇ ಶಾಸ್ತ್ರ. ಈ ಶಾಸ್ತ್ರ ಒಂದು ಸಲವೂ ಸುಳ್ಳಾಗಿರಲಿಲ್ಲ. ಹಾಗೆಂದು ನಾನು ನಂಬಿದ್ದೆ!

ಕೊರೊನಾ ಬಂದಾಗ ನಾವು ಡಬ್ಲಿನ್ ವಿಮಾನ ನಿಲ್ದಾಣದ ಪಕ್ಕದ ಸ್ವೋರ್ಡ್ಸ್‌ನಲ್ಲಿದ್ದೆವು. ಹಗಲೆಲ್ಲ ತಲೆಯ ಮೇಲೆ ಹಾರುತ್ತಿದ್ದ ವಿಮಾನಗಳು ನಿಂತುಹೋಗಿ ಊರು ಎಷ್ಟು ನಿಶ್ಶಬ್ದವಾಯಿತೆಂದರೆ, ಪಕ್ಕದ ಮನೆಯ ಬ್ರೀಡಾ ಟೀ ಕಲಕುವ ಸದ್ದು ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. ನನ್ನ ಗಂಡ ಪ್ರಸನ್ನ ಆ ಅಡುಗೆಮನೆಯ ಮೇಜಿನಿಂದಲೂ, ನಾನು ಬಟ್ಟೆ ಒಣಹಾಕುವ ಚಿಕ್ಕ ಕೋಣೆಯಿಂದಲೂ ಆಫೀಸು ನಡೆಸುತ್ತಿದ್ದೆವು.

ಅದೇ ಸಮಯಕ್ಕೆ ನಮ್ಮ ಟೀಮಿಗೆ ಗ್ರೆಗ್ ಎಂಬ ಹೊಸ ಮ್ಯಾನೇಜರ್ ಬಂದ. ಮನುಷ್ಯ ಇದ್ದದ್ದು ಅಮೆರಿಕದಲ್ಲಿ. ನಮಗೆ ಕಾಣುತ್ತಿದ್ದುದು ಅವನ ತಲೆ ಮತ್ತು ಹಿಂದಿನ ಪುಸ್ತಕದ ಕಪಾಟು ಮಾತ್ರ. ಕೆಲವರನ್ನು ಕೆಲಸದಿಂದ ತೆಗೆಯುತ್ತಾರೆ ಎಂಬ ಗುಸುಗುಸು ಬೇರೆ ಎದ್ದಿತ್ತು. ನನ್ನ ವರ್ಕ್ ಪರ್ಮಿಟ್ಟೋ, ಆ ಕೆಲಸಕ್ಕೇ ಅಂಟಿಕೊಂಡದ್ದು. ಆದರೆ ನಾನು ಪ್ರತಿ ಮೀಟಿಂಗನ್ನೂ "ಹಲೋ" ಎಂದು ಆರಂಭಿಸಿ "ಬೈ" ಎಂದು ಮುಗಿಸುತ್ತಿದ್ದೆ. ನಡುವೆ ಏನೂ ಇರುತ್ತಿರಲಿಲ್ಲ.

"ಅವನಿಗೆ ನಿನ್ನ ಹೆಸರಾದ್ರೂ ಗೊತ್ತೇನೇ?" ಎಂದು ಪ್ರಸನ್ನ ಕೇಳಿದರು.

"ಗೊತ್ತು. ಸುಮಾ ಅನ್ನೋಕೆ ಸೂಮೋ ಅಂತಾನೆ."

"ಏನಾದ್ರೂ ಮಾತಾಡೇ ತಾಯಿ. ಸುಮ್ನೆ ಕೂತಿರೋರನ್ನೇ ಮೊದ್ಲು ಕಳ್ಸೋದು ಇವ್ರು."

ಮಾತಾಡಲು ಅವಕಾಶವನ್ನು ಗ್ರೆಗ್ಗೇ ಒದಗಿಸಿಕೊಟ್ಟ. ಮನೆಯಲ್ಲೇ ಕೊಳೆಯುತ್ತಿದ್ದ ನಮ್ಮಲ್ಲಿ ಉತ್ಸಾಹ ತುಂಬಲು ಅಮೆರಿಕನ್ ಫುಟ್‌ಬಾಲಿನ ಒಂದು ಕಾಲ್ಪನಿಕ ಲೀಗ್ ಶುರುಮಾಡಿದ. ನಾವು ಪ್ರತಿಯೊಬ್ಬರೂ ನಿಜವಾದ ಆಟಗಾರರನ್ನು ಆರಿಸಿಕೊಂಡು ಸುಳ್ಳು ತಂಡ ಕಟ್ಟುವುದು. ಭಾನುವಾರದ ನಿಜವಾದ ಮ್ಯಾಚಿನಲ್ಲಿ ಅವರು ಆಡಿದ ಹಾಗೆ ನಮಗೆ ಅಂಕ ಬೀಳುವುದು. ಈ ಆಟದಲ್ಲಿ ರನ್ನಿಂಗ್ ಬ್ಯಾಕ್ ಎಂಬೊಬ್ಬನಿರುತ್ತಾನೆ. ಚೆಂಡನ್ನು ಎದೆಗವಚಿಕೊಂಡು ಎದುರಾಳಿಗಳ ಗುಂಪಿನೊಳಗೆ ನುಗ್ಗುವುದು ಅವನ ಕಸುಬು. ನುಗ್ಗುವುದರ ಜೊತೆಗೆ ಅವನು ದೂರದಿಂದ ಎಸೆದ ಚೆಂಡನ್ನೂ ಹಿಡಿಯುವವನಾದರೆ, ಪ್ರತಿ ಕ್ಯಾಚಿಗೂ ಹೆಚ್ಚುವರಿ ಅಂಕ.

"ಈ ವರ್ಷ ಕಾಲೇಜಿನಿಂದ ದೊಡ್ಡ ಲೀಗಿಗೆ ಆಯ್ಕೆಯಾಗಿ ಬಂದಿರೋ ಡೆಲ್‌ರಾಯ್ ಪಿಂಕ್‌ಸ್ಟನ್ ಅಂತ ಒಬ್ಬ ಇದಾನೆ," ಎಂದ ಗ್ರೆಗ್. "ನುಗ್ಗೋಕೆ ನಿಂತ್ರೆ ಬುಲ್ಡೋಜರ್. ಆದ್ರೆ ಕ್ಯಾಚ್ ಹಿಡೀತಾನಾ ಅನ್ನೋದೇ ಪ್ರಶ್ನೆ."

ಕ್ಯಾಚ್! ನನ್ನ ಬೆರಳುಗಳು ತಾವಾಗಿಯೇ ಅರಳಿದವು. ಮೈಕ್ ಆನ್ ಮಾಡಿ, "ಗ್ರೆಗ್, ಅದನ್ನ ನಾನು ಸ್ಟಡಿ ಮಾಡಿ ಹೇಳ್ತೀನಿ. ನನಗೆ ಇದರಲ್ಲಿ ಅನುಭವ ಇದೆ," ಎಂದುಬಿಟ್ಟೆ.

ಎಲ್ಲರೂ ಬೆಚ್ಚಿ ನೋಡಿದರು. "ಹಲೋ", "ಬೈ" ಬಿಟ್ಟರೆ ನನ್ನ ದನಿಯನ್ನು ಅವರು ಕೇಳಿದ್ದೇ ಮೊದಲು!

ಮುಂದಿನ ವಾರವೆಲ್ಲ ನಾನು ಡೆಲ್‌ರಾಯನ ಹಳೆಯ ಕಾಲೇಜು ಮ್ಯಾಚುಗಳನ್ನು ನೋಡಿದೆ. ಆಟದ ನಿಯಮ ಅರ್ಥವಾಗಲಿಲ್ಲ, ಬೇಕಾಗಿಯೂ ಇರಲಿಲ್ಲ. ಎಲ್ಲರ ಮುಖವೂ ಹೆಲ್ಮೆಟ್ಟಿನೊಳಗೆ ಹುದುಗಿದ್ದರಿಂದ ನೀಲಿ ಅಂಗಿ, ಇಪ್ಪತ್ತೆರಡನೇ ನಂಬರು ಎಂದು ಗುರುತು ಇಟ್ಟುಕೊಂಡೆ. ಆಹಾ, ಅವನು ಚೆಂಡು ಹಿಡಿಯುವ ಚೆಂದವೇ! ಗಾಳಿಯಲ್ಲಿ ತಿರುಗಿ, ಒಂದೇ ಕೈ ಚಾಚಿ, ಕೊಂಬೆಯಿಂದ ಮಾವಿನಹಣ್ಣು ಬಿಡಿಸಿದ ಹಾಗೆ ಹಿಡಿಯುತ್ತಿದ್ದ. ನಾನು ರೋಮಾಂಚನಗೊಂಡು ವರದಿ ಒಪ್ಪಿಸಿದೆ.

"ಗ್ರೆಗ್, ಇವನ ಕೈಗುಣವೇ ಬೇರೆ. ಇವನು ತನಗೆ ಎಸೆದ ಚೆಂಡನ್ನ ಮಾತ್ರ ಅಲ್ಲ, ಬೇರೆಯವರಿಗೆ ಅಂತ ಎಸೆದ ಚೆಂಡನ್ನೂ ಅಡ್ಡ ಬಂದು ಹಾರಿ ಹಿಡೀತಾನೆ!"

"ವಾವ್!" ಎಂದ ಗ್ರೆಗ್. "ಅಂಥ ಹಸಿವು ಬೇಕು ಆಟಗಾರನಿಗೆ!"

ಕೀರನ್ ಎಂಬ ಡಬ್ಲಿನ್ನಿನ ಸಹೋದ್ಯೋಗಿ ತಲೆ ಕೆರೆದುಕೊಂಡ. "ಸುಮಾ, ನಾನು ನೋಡಿದ ಅಂಕಿಅಂಶದಲ್ಲಿ ಅವನು ಕಾಲೇಜಲ್ಲಿ ಕ್ಯಾಚ್ ಹಿಡಿದಿದ್ದೇ ಇಲ್ಲ ಅನ್ನೋ ಹಾಗಿದೆಯಲ್ಲ?"

"ಕೀರನ್," ಎಂದೆ ಗಂಭೀರವಾಗಿ, "ಅಂಕಿಅಂಶಕ್ಕೆ ಕಣ್ಣಿಲ್ಲ. ನನಗಿದೆ."

ಈ ಮಾತನ್ನು ಗ್ರೆಗ್ ಎಷ್ಟು ಮೆಚ್ಚಿದನೆಂದರೆ, ಮುಂದಿನ ಮೀಟಿಂಗಿನಲ್ಲಿ ಎಲ್ಲರಿಗೂ ಮೆದು ಕೈ ಎಂದರೇನು, ಗಟ್ಟಿ ಕೈ ಎಂದರೇನು ಎಂದು ತೋರಿಸಿಕೊಡಬೇಕೆಂದು ಅಪ್ಪಣೆ ಮಾಡಿದ. ತೋರಿಸಲು ಚೆಂಡು ಬೇಕಲ್ಲ? ಆಟದ ಸಾಮಾನಿನ ಅಂಗಡಿಗಳೆಲ್ಲ ಮುಚ್ಚಿದ್ದವು. ವಿಷಯ ಬೇಲಿ ದಾಟಿ ಬ್ರೀಡಾಳ ಕಿವಿಗೆ ಬಿತ್ತು. ವಿಮಾನ ನಿಲ್ದಾಣದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಆಕೆ ಈಗ ಕೆಲಸವಿಲ್ಲದೆ ದಿನವಿಡೀ ತೋಟದ ಕುರ್ಚಿಯಲ್ಲಿ ಕೂತು ಬೀದಿ ಕಾಯುತ್ತಿದ್ದಳು. ತಮ್ಮನ ಹಳೆಯ ರಗ್ಬಿ ಚೆಂಡನ್ನು ಹುಡುಕಿ ತೆಗೆದು, ನಮ್ಮ ಆರೋಗ್ಯದ ಮೇಲಿನ ಕಾಳಜಿಯಿಂದ ಅದಕ್ಕೆ ಧಾರಾಳವಾಗಿ ಸ್ಯಾನಿಟೈಸರ್ ಬಳಿದು, ನಮ್ಮ ಗೇಟಿನ ಬಳಿ ಇಟ್ಟು ಹಿಂದೆ ಸರಿದು ನಿಂತಳು.

ಮನೆಯ ಮುಂದಿನ ಹುಲ್ಲಿನ ಮೇಲೆ ಪ್ರಸನ್ನರನ್ನು ನಿಲ್ಲಿಸಿದೆ. "ರೀ, ಬೆರಳು ಅರಳಿಸಿ!"

"ನನಗೆ ಒಂದು ಕಾಲ್ ಇದೆ ಕಣೇ..."

"ಅರಳಿಸ್ರೀ!"

ಥ್ರೋಬಾಲ್ ಕ್ಯಾಪ್ಟನ್ನಿನ ಪೂರ್ಣ ಬಲದಿಂದ ಎಸೆದೆ. ಜೆಲ್ಲಿನಲ್ಲಿ ಮಿಂದಿದ್ದ ಚೆಂಡು ಬಾಳೆಯ ದಿಂಡಿನ ಹಾಗೆ ಜಾರಿ, ಅರಳಿದ ಬೆರಳುಗಳ ಪೈಕಿ ಒಂದನ್ನು ಹಿಂದಕ್ಕೆ ಮಡಚಿ, ಅವರ ಕನ್ನಡಕವನ್ನು ಹಾರಿಸಿ, ಬ್ರೀಡಾಳ ಪಿಂಗಾಣಿ ಟೀ ಪಾತ್ರೆಯ ಮೇಲೆ ಹೋಗಿ ಕುಳಿತಿತು. ಪ್ರಸನ್ನ ಬೆರಳನ್ನು ಕಂಕುಳಿನಲ್ಲಿ ಅದುಮಿಕೊಂಡು ಗಿರಗಿರನೆ ತಿರುಗಿದರು.

"ಯೂ ಆರ್ ಗ್ರ್ಯಾಂಡ್!" ಎಂದು, ಏನೂ ಆಗಿಲ್ಲ ಎನ್ನುವ ಅರ್ಥದಲ್ಲಿ, ಬೇಲಿಯಾಚೆಯಿಂದ ಧೈರ್ಯ ಹೇಳಿದಳು ಬ್ರೀಡಾ. ಆಮೇಲೆ ಪಾತ್ರೆಯ ಚೂರುಗಳನ್ನು ನೋಡಿ, "ಅದು ನಮ್ಮಮ್ಮನದು," ಎಂದಳು.

ಆ ದಿನಗಳಲ್ಲಿ ಆಸ್ಪತ್ರೆಗೆ ಹೋಗುವುದೆಂದರೆ ಬೆರಳು ನೋವು ಕೊಟ್ಟು ಕೊರೊನಾ ತಂದಂತೆ. ಔಷಧಿ ಅಂಗಡಿಯಾಕೆ ಮಾಸ್ಕ್ ಹಾಕಿಕೊಂಡೇ ನೋಡಿ, ಮುರಿದಿಲ್ಲ ಉಳುಕಿದೆ ಎಂದು ಪಟ್ಟಿ ಬಿಗಿದು ಕಳಿಸಿದಳು. ಪ್ರಸನ್ನರ ತೋರುಬೆರಳು ಅಂದಿನಿಂದ ಬಿಳಿ ಬದನೆಕಾಯಿಯಂತಾಗಿ, ಸದಾ ಯಾರನ್ನೋ ಬೊಟ್ಟು ಮಾಡುತ್ತಾ ನಿಂತಿತು. ಹೆಚ್ಚಾಗಿ ನನ್ನನ್ನು.

ಮೀಟಿಂಗಿನಲ್ಲಿ ದಿಂಬು ಹಿಡಿದು ಪಾಠ ಮಾಡಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಅದು ಮುಗಿದ ಮೇಲೆ ಗ್ರೆಗ್ ನನ್ನನ್ನೊಬ್ಬಳನ್ನೇ ನಿಲ್ಲಿಸಿಕೊಂಡ.

"ಸೂಮೋ, ಒಂದು ವಿಷಯ. ನಮ್ಮ ಕುಟುಂಬದಲ್ಲೂ ಒಂದು ಲೀಗ್ ಇದೆ. ನನ್ನ ಹೆಂಡತಿಯ ಅಣ್ಣ ವರ್ಷಾವರ್ಷ ನನ್ನ ಸೋಲಿಸಿ ಎಲ್ಲರ ಮುಂದೆ ಮಾನ ಕಳೀತಾನೆ. ನಿನ್ನ ಮಾತಿನ ಮೇಲೆ ನನ್ನ ಅತ್ಯುತ್ತಮ ಆಟಗಾರನನ್ನ ಅವನಿಗೆ ಕೊಟ್ಟು ಡೆಲ್‌ರಾಯ್‌ನ ತಗೊಂಡಿದೀನಿ. ಈ ಭಾನುವಾರ ನಮ್ಮಿಬ್ಬರದೇ ಪಂದ್ಯ. ಸೋತವನು ಸೋಮವಾರ ಟರ್ಕಿ ಕೋಳಿ ವೇಷದಲ್ಲಿ ಆಫೀಸ್ ಮೀಟಿಂಗಿಗೆ ಬರ್ಬೇಕು. ಬಟ್ಟೆ ಆಗ್ಲೇ ಆರ್ಡರ್ ಮಾಡಿದೀನಿ. ಅವನ ಸೈಜಿಗೆ!"

ಗ್ರೆಗ್ ಗಹಗಹಿಸಿ ನಕ್ಕ. ನಾನೂ ನಕ್ಕೆ.

ಭಾನುವಾರ ಸಂಜೆ ಈರುಳ್ಳಿ ಪಕೋಡ ಕರಿದಿಟ್ಟುಕೊಂಡು ಲ್ಯಾಪ್‌ಟಾಪಿನ ಮುಂದೆ ಕುಳಿತೆವು. ಡೆಲ್‌ರಾಯ್ ನುಗ್ಗಿದ. ಬಿದ್ದ. ಎದ್ದು ಮತ್ತೆ ನುಗ್ಗಿದ. ಆದರೆ ಚೆಂಡು ಎಸೆಯುವ ಹೊತ್ತು ಬಂದಾಗಲೆಲ್ಲ ತರಬೇತುದಾರ ಅವನನ್ನು ಆಚೆ ಕರೆದು ಬೇರೊಬ್ಬನನ್ನು ಒಳಗೆ ಕಳಿಸುತ್ತಿದ್ದ.

"ಯಾಕೆ ಆಚೆ ಕರೀತಾರೆ ಇವನ್ನ?" ಎಂದರು ಪ್ರಸನ್ನ.

"ಕಾಪಾಡಿಕೊಳ್ತಿದಾರೆ ರೀ. ಬೆಲೆಬಾಳೋ ಕೈ."

ಕೊನೆಗೆ, ಮ್ಯಾಚು ಮುಗಿಯಲು ಬಂದಾಗ, ಅವನನ್ನು ಒಳಗೇ ಉಳಿಸಿದರು. ಚೆಂಡು ಅವನತ್ತ ಬಂತು. ಸುತ್ತಮುತ್ತ ಒಬ್ಬ ಎದುರಾಳಿಯೂ ಇಲ್ಲ! ನಾನು ಎದ್ದು ನಿಂತೆ. ಡೆಲ್‌ರಾಯ್ ಎರಡೂ ಕೈ ಮುಂದೆ ಮಾಡಿದ.

ಹಲಗೆ! ಸಾಗುವಾನಿ ಹಲಗೆ!

ಚೆಂಡು ಅಂಗೈಗೆ ಬಡಿದು, ಎದೆಗೆ ಬಡಿದು, ಮೇಲಕ್ಕೆ ಚಿಮ್ಮಿತು. ಓಡಿ ಬರುತ್ತಿದ್ದ ಎದುರಾಳಿಯೊಬ್ಬ ಅದನ್ನು ಹಿಡಿದುಕೊಂಡು ಮೈದಾನದ ಆ ತುದಿಯವರೆಗೂ ಓಡಿಹೋದ. ಡೆಲ್‌ರಾಯ್ ತನ್ನ ಕೈಗಳನ್ನು ತಾನೇ ನೋಡುತ್ತಾ ನಿಂತ. ನಾನೂ ಅವನ ಕೈಗಳನ್ನೇ ನೋಡುತ್ತಾ ನಿಂತೆ. ಬಾಯಲ್ಲಿದ್ದ ಪಕೋಡ ಅಲ್ಲೇ ಇತ್ತು.

"ಇವನು ಅವನಲ್ಲ ರೀ!" ಎಂದೆ. "ಕಾಲೇಜಲ್ಲಿ ಇವನ ಬೆರಳು ಹೂವಿನ ಥರ ಇತ್ತು! ಬೇಕಾದ್ರೆ ನೋಡಿ!"

ಹಳೆಯ ವಿಡಿಯೋ ಹಾಕಿದೆ. ಇಪ್ಪತ್ತೆರಡನೇ ನಂಬರಿನವನು ಹಾರಿದ, ತಿರುಗಿದ, ಹಿಡಿದ. ಪ್ರಸನ್ನ ಪಕೋಡ ಅಗಿಯುತ್ತಾ ಸ್ವಲ್ಪ ಹೊತ್ತು ನೋಡಿದರು. ಮತ್ತೊಮ್ಮೆ ಹಾಕು ಎಂದರು. ಆಮೇಲೆ ಪಟ್ಟಿ ಕಟ್ಟಿದ ಬೆರಳನ್ನು ಪರದೆಯ ಮೇಲಿಟ್ಟರು.

"ಹಿಡಿದವನ ಷರ್ಟು ನೀಲಿ, ಅಲ್ವಾ?"

"ಹೌದು."

"ಎಸೆದವನ ಷರ್ಟು ಕೆಂಪು. ಯಾಕೆ?"

ನಾನು ನೋಡಿದೆ. ಇನ್ನೊಂದು ಕ್ಯಾಚ್ ಹಾಕಿದೆ. ಎಸೆದವನು ಬಿಳಿ, ಹಿಡಿದವನು ನೀಲಿ. ಮತ್ತೊಂದು ಹಾಕಿದೆ. ಎಸೆದವನು ಹಸಿರು! ನಾನು ಹಗಲೆಲ್ಲ ಕೂತು ಕೊಂಡಾಡಿದ್ದ ಒಂದೊಂದು ಕ್ಯಾಚೂ ಎದುರು ತಂಡದವರು ತಮ್ಮವನಿಗೆ ಎಸೆದದ್ದು. ಇವನು ಅಡ್ಡ ಬಂದು ಕಿತ್ತುಕೊಂಡದ್ದು! ಅದನ್ನೇ ನಾನು ಕೈಗುಣವೆಂದು ಬಣ್ಣಿಸಿದ್ದು!

ಗಾಬರಿಯಿಂದ ಹುಡುಕಿದೆ. ಕಾಲೇಜು ಫುಟ್‌ಬಾಲಿನಲ್ಲಿ ಒಂದೇ ತಂಡದ ಇಬ್ಬರು ಒಂದೇ ನಂಬರು ಹಾಕಿಕೊಳ್ಳಬಹುದಂತೆ. ಒಬ್ಬ ಚೆಂಡು ಒಯ್ಯುವಾಗ ಆಡುವವನು, ಇನ್ನೊಬ್ಬ ತಡೆಯುವಾಗ ಆಡುವವನು. ಡೆಲ್‌ರಾಯ್ ಮೊದಲನೆಯವನು. ನಾನು ಮೆಚ್ಚಿದ್ದು ಎರಡನೆಯವನನ್ನು. ಅವನಿನ್ನೂ ಕಾಲೇಜಿನಲ್ಲೇ ಓದುತ್ತಿದ್ದಾನೆ!

"ಅಂದ್ರೆ," ಎಂದರು ಪ್ರಸನ್ನ ನಿಧಾನವಾಗಿ, "ಯಾರದೋ ಜಾತಕ ನೋಡಿ ಯಾರಿಗೋ ಮದುವೆ ಮಾಡಿಸಿದೀಯ."

ರಾತ್ರಿ ನಿದ್ದೆಯೆಂಬುದು ಹತ್ತಿರ ಸುಳಿಯಲಿಲ್ಲ. ಸೋಮವಾರ ಮೀಟಿಂಗಿಗೆ ಮುಂಚೆಯೇ ಗ್ರೆಗ್‌ಗೆ ಎಲ್ಲವನ್ನೂ ಹೇಳಿಬಿಡಬೇಕೆಂದು ಕರೆ ಮಾಡಿದೆ. ಅವನು ತೆಗೆಯಲಿಲ್ಲ. ಮೀಟಿಂಗ್ ಶುರುವಾಯಿತು. ಅಂದೇ ಕಂಪನಿಯ ದೊಡ್ಡ ಅಧಿಕಾರಿಣಿ ನಮ್ಮ ಟೀಮನ್ನು ನೋಡಲು ಬಂದಿದ್ದರು. ಬಿಳಿ ಕೂದಲು, ಮುತ್ತಿನ ಸರ, ಮುಗುಳ್ನಗೆಯ ಸುಳಿವಿಲ್ಲದ ಮುಖ.

ಗ್ರೆಗ್‌ನ ಕ್ಯಾಮೆರಾ ಆನ್ ಆಯಿತು.

ಪುಸ್ತಕದ ಕಪಾಟಿನ ಮುಂದೆ ಒಂದು ಟರ್ಕಿ ಕೋಳಿ ಕುಳಿತಿತ್ತು. ಹಿಂದೆ ಗರಿಗಳ ಬೀಸಣಿಗೆ, ಹಣೆಯ ಮೇಲೆ ಹಳದಿ ಕೊಕ್ಕು, ಗಲ್ಲದಡಿ ಜೋತಾಡುವ ಕೆಂಪು ಬಟ್ಟೆ. ಭಾವಮೈದುನನ ಅಳತೆಯದಾದ್ದರಿಂದ ಒಳಗಿದ್ದ ಗ್ರೆಗ್ ಹೊಲಿಗೆ ಬಿಚ್ಚದ ಚೀಲದ ಹಾಗೆ ಬಿಗಿದುಹೋಗಿದ್ದ.

"ಗುಡ್ ಮಾರ್ನಿಂಗ್," ಎಂದಿತು ಕೋಳಿ. "ಈ ತಿಂಗಳ ಪ್ರಗತಿ ಹೇಳ್ತೀನಿ."

ಕೀರನ್ ತಕ್ಷಣ ಕ್ಯಾಮೆರಾ ಆಫ್ ಮಾಡಿಕೊಂಡ. ಕೋಳಿ ಕೊನೆಯ ಸಾಲಿನವರೆಗೂ ಓದಿ ಮುಗಿಸಿತು. ದೊಡ್ಡ ಅಧಿಕಾರಿಣಿ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. "ಇದಕ್ಕೆ ಕಾರಣ ಕೇಳಬಹುದಾ?"

ಇನ್ನು ತಡೆಯಲಾಗಲಿಲ್ಲ. "ಮೇಡಂ, ಕಾರಣ ನಾನೇ!" ಎಂದು ಕೂಗಿ, ಥ್ರೋಬಾಲಿನಿಂದ ಹಿಡಿದು ಕೆಂಪು ಷರ್ಟಿನವರೆಗೆ ಒಂದೇ ಉಸಿರಿನಲ್ಲಿ ಒದರಿಬಿಟ್ಟೆ. ಗ್ರೆಗ್ ಕೊಕ್ಕನ್ನು ಮೇಲೆತ್ತಿ ನನ್ನನ್ನೇ ನೋಡಿದ.

"ಬೇರೆಯವರಿಗೆ ಎಸೆದ ಚೆಂಡು ಹಿಡೀತಾನೆ ಅಂದೆಯಲ್ಲ..." ಎಂದ ಕ್ಷೀಣವಾಗಿ. "ಅದು ನಿಜವಾಗ್ಲೂ ಎದುರಾಳಿಯ ಚೆಂಡಾ?"

"ಹೌದು ಗ್ರೆಗ್."

ಗರಿಗಳು ಅಲುಗಿದವು. ಅಳುತ್ತಿದ್ದಾನೆಂದುಕೊಂಡೆ. ಇಲ್ಲ, ನಗುತ್ತಿದ್ದ! ನಗುವಿನ ರಭಸಕ್ಕೆ ಬೆನ್ನಿನ ಹೊಲಿಗೆ ಪರ್ರನೆ ಬಿಚ್ಚಿ ಬೀಸಣಿಗೆ ಕಪಾಟಿನ ಪುಸ್ತಕಗಳ ಮೇಲೆ ಬಿತ್ತು. ದೊಡ್ಡ ಅಧಿಕಾರಿಣಿಯೂ ಮುತ್ತಿನ ಸರ ಹಿಡಿದುಕೊಂಡು ನಕ್ಕರು. ನನ್ನ ಕೆಲಸ ಉಳಿಯಿತೆಂದು ಆಗ ಹೊಟ್ಟೆಗೆ ಗೊತ್ತಾಯಿತು. ತಲೆಗೆ ಇನ್ನೂ ನಂಬಿಕೆ ಬರಲಿಲ್ಲ.

ಇಲ್ಲಿಗೆ ನಾನು "ಬೈ" ಎಂದು ಎದ್ದುಹೋಗಿದ್ದರೆ ಚೆನ್ನಾಗಿತ್ತು. ಆದರೆ ಅಧಿಕಾರಿಣಿ ಕಣ್ಣೊರೆಸಿಕೊಳ್ಳುತ್ತಾ ಕೇಳಿದರು: "ಎಷ್ಟು ಶ್ರದ್ಧೆಯಿಂದ ತಪ್ಪು ಮಾಡಿದೀಯಮ್ಮ! ಅಂದಹಾಗೆ, ನಾನು ಬೇಸ್‌ಬಾಲ್ ಅಭಿಮಾನಿ. ನಿನಗೆ ಬೇಸ್‌ಬಾಲ್ ಬಗ್ಗೆ ಏನಾದ್ರೂ ಗೊತ್ತಾ?"

ಎಲ್ಲ ಮುಖಗಳೂ ನನ್ನತ್ತ ತಿರುಗಿದವು. ಅಡುಗೆಮನೆಯಿಂದ ಪ್ರಸನ್ನ "ಬೇಡ, ಬೇಡ" ಎಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

"ಸ್ವಲ್ಪ ಗೊತ್ತು ಮೇಡಂ," ಎಂದೆ.