ಬಿಟ್ಟು ಹೊರಟ ಮನೆಯಲ್ಲಿ ಹಾಲು ಉಕ್ಕಿದ್ದು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಯಲಹಂಕದ ನಮ್ಮ ಮನೆಯ ಗೃಹಪ್ರವೇಶದ ದಿನ ಹೋಮದ ಹೊಗೆಗೆ ಕಣ್ಣು ಉರಿದದ್ದು, ಯಾರೋ ಸೆರಗಿನಿಂದ ನನ್ನ ಮುಖ ಒರೆಸಿದ್ದು ಚೆನ್ನಾಗಿ ನೆನಪಿದೆ ಎಂದು ವರ್ಷಗಟ್ಟಲೆ ಹೇಳಿಕೊಂಡು ತಿರುಗಿದವಳು ನಾನು. ನಾನು ಹುಟ್ಟಿದ್ದು ಅದಾದ ಎರಡು ವರ್ಷಕ್ಕೆ ಎಂದು ಜಯಮ್ಮತ್ತೆ ಹೇಳಿದ ಮೇಲೂ ಕಣ್ಣುರಿ ಮಾತ್ರ ಸುಳ್ಳೆನಿಸಲಿಲ್ಲ. ಆಮೇಲೆ ಡೈರಿ ಬರೆಯತೊಡಗಿದೆ. ಈಗ ಡೈರಿಯನ್ನೂ ನಂಬುವುದಿಲ್ಲ; ಅದನ್ನು ಬರೆಯುವವಳೂ ನಾನೇ ತಾನೆ?

ಆ ಮನೆಯನ್ನು ಹೋದ ತಿಂಗಳು ಮಾರಿದೆವು. ಕೆಡವಿ ಅಪಾರ್ಟ್‌ಮೆಂಟ್ ಕಟ್ಟುತ್ತಾರಂತೆ. ಜಯಮ್ಮತ್ತೆ ಅಪ್ಪನ ಅಕ್ಕ. ನನ್ನನ್ನೂ ತಮ್ಮ ಮಂಜುವನ್ನೂ ಅದೇ ಮನೆಯಲ್ಲಿ ಸಾಕಿದವರು. ಇನ್ನು ಅವರು ತಣಿಸಂದ್ರದ ನನ್ನ ಫ್ಲ್ಯಾಟಿಗೆ ಬರಬೇಕಿತ್ತು. ಸಹಿ ಹಾಕುವಾಗ ಅವರು ಒಂದು ಮಾತೂ ಎತ್ತಿರಲಿಲ್ಲ. ಅದಕ್ಕೇ, ಬೀಗದ ಕೈ ಕೊಡುವ ದಿನ ಹೊರಡುತ್ತಾರೋ ಇಲ್ಲವೋ ಎಂದು ನಮಗೆ ಭಯ. "ಸಂಜೆ ಊಟ ಇಲ್ಲೇ ಮಾಡ್ಕಂಡು ಓಗಾನ. ಬರೀ ಒಟ್ಟೇಲಿ ಮನೆ ಬಿಡಬಾರ್ದು," ಅಂದರು. ಅಷ್ಟೇ ತಾನೆ ಎಂದು ಒಪ್ಪಿದೆವು.

ಸಾಮಾನೆಲ್ಲ ಹಿಂದಿನ ದಿನವೇ ಲಾರಿಯಲ್ಲಿ ಹೋಗಿತ್ತು. ಸೊಪ್ಪು ತಂದೆ, ಕಾಳು ಮರೆತೆ. ಕಾಳು ತಂದೆ, ಪಾಯಸಕ್ಕೆ ಹಾಲು ಮರೆತೆ. ಮೂರನೇ ಸಲ ಸ್ಕೂಟರ್ ನಿಲ್ಲಿಸಿದಾಗ ಒಲೆಯೇ ಇಲ್ಲವೆಂದು ಹೊಳೆಯಿತು. ಪಕ್ಕದ ಮನೆಯ ಶಮೀಮ್ ಆಂಟಿಯ ಹತ್ತಿರ ಒಂದು ಬರ್ನರಿನ ಸ್ಟೌ, ಆಮೇಲೆ ಪಾತ್ರೆ, ಆಮೇಲೆ ಮುದ್ದೆಕೋಲು, ಉಪ್ಪು ಕೇಳಿ ತಂದೆ. ಐದನೇ ಸಲ ಹೋದಾಗ, "ನಮ್ ಅಡುಗೆಮನೇನೇ ಎತ್ಕೊಂಡ್ ಹೋಗ್ಬಿಡು ಬೇಟಾ, ನಡೆದು ನಡೆದು ಯಾಕೆ ಸುಸ್ತಾಗ್ತೀಯಾ?" ಅಂದರು.

ಸಾರು ಆಯಿತು, ಮುದ್ದೆ ಆಯಿತು. ಕೊನೆಗೆ ಶಾವಿಗೆ ಪಾಯಸಕ್ಕೆಂದು ಹಾಲಿಟ್ಟೆ. ಉಳಿದಿದ್ದ ಒಂದೇ ಟ್ರಂಕು ಮುಚ್ಚುತ್ತಿಲ್ಲವೆಂದು ಮಂಜು ಕೂಗಿದ. ಹೋಗಿ ಅದರ ಮೇಲೆ ಕೂತೆ. ವಾಪಸು ಬರುವಷ್ಟರಲ್ಲಿ ಹಾಲು ಉಕ್ಕಿ, ಸ್ಟೌ ಆರಿ, ಕಟ್ಟೆಯೆಲ್ಲ ಬೆಳ್ಳಗಾಗಿತ್ತು. ಅತ್ತೆ ಬೈಯಲಿಲ್ಲ. ಕೈ ಮುಗಿದು ನಿಂತಿದ್ದರು.

"ಆಲು ಉಕ್ಕೈತೆ. ಗೃಹಪ್ರವೇಶ ಆದಂಗಾಯ್ತು. ಉಕ್ಕಿದ ಮನೇಲಿ ಆವತ್ತು ರಾತ್ರಿ ಮಲಗ್ಲೇಬೇಕು."

"ಅತ್ತೆ, ಹಾಲುಕ್ಸೋದು ಬರೋವ್ರು. ನಾವು ಹೋಗ್ತಾ ಇರೋವ್ರು!" ಎಂದ ಮಂಜು.

"ಬರೋವ್ರು ಯಾರು, ಓಗೋವ್ರು ಯಾರು ಅಂತ ಆಲಿಗೇನ್ಲಾ ಗೊತ್ತು?"

ಅಷ್ಟರಲ್ಲಿ ಬೀಗದ ಕೈಗೆಂದು ಬಿಲ್ಡರ್ ಕಡೆಯವರೊಬ್ಬರು ಬಂದು ಬಾಗಿಲಲ್ಲಿ ನಿಂತರು. "ಅಕ್ಕಾ, ಎಂಎ ಓದಿರೋಳು ನೀನು. ಏನಾದ್ರೂ ಹೇಳು," ಎಂದು ಮಂಜು ನನ್ನ ಕಡೆ ತಿರುಗಿದ. ಗೃಹಪ್ರವೇಶಕ್ಕೆ ಶಾಸ್ತ್ರವಿದೆ; ಗೃಹತ್ಯಾಗಕ್ಕೆ ಏನಿದೆ? ನನ್ನ ಸಿಲಬಸ್ಸಿನಲ್ಲಂತೂ ಇರಲಿಲ್ಲ. ನಾನು ಗಂಟಲು ಸರಿಮಾಡಿಕೊಳ್ಳುತ್ತಿರುವಾಗಲೇ ಆ ಮನುಷ್ಯ ವಿಷಯ ಕೇಳಿ ಗಾಬರಿಯಾದರು. "ಬೇಡ ಮೇಡಂ, ಉಕ್ಕಿದ ಮನೆ ಇವತ್ತೇ ಖಾಲಿ ಮಾಡ್ಸಿದ್ರೆ ನಮ್ ಸೈಟಿಗೆ ಒಳ್ಳೇದಲ್ಲ. ಬೆಳಗ್ಗೆ ಬರ್ತೀನಿ," ಎಂದು, ಉಳಿದ ಹಾಲಿನಲ್ಲಿ ಮಾಡಿಕೊಟ್ಟ ಪಾಯಸ ತಿಂದು ಹೋದರು.

ಬೆಳಗ್ಗೆ ಅತ್ತೆ ಸ್ನಾನ ಮಾಡಿ, ಮನೆ ಗುಡಿಸಿ, ಬೀಗದ ಕೈಯನ್ನು ತಾವೇ ಅವರ ಕೈಗೆ ಕೊಟ್ಟು, ತಿರುಗಿಯೂ ನೋಡದೆ ಆಟೋ ಹತ್ತಿದರು. ಹೊರಡಲಾಗದೆ ಒದ್ದಾಡಿದ್ದು ನಾನೇ; ಏನೋ ಬಿಟ್ಟುಬಂದೆ ಎಂದು ಎರಡು ಸಲ ಒಳಗೆ ಹೋಗಿ ಬರಿಗೈಯಲ್ಲಿ ಬಂದೆ.

ಹಾಲು ಉಕ್ಕಿದಾಗ ಸ್ಟೌ ಆಫ್ ಮಾಡಲು ಹೋಗಿ ಅದರ ತಿರುಪು ಪೂರ್ತಿ ಉರಿಗೆ ತಿರುಗಿದ್ದನ್ನು ನೋಡಿದ್ದೆ. ನಾನು ಸಣ್ಣ ಉರಿಯಲ್ಲಿಟ್ಟು ಹೋಗಿದ್ದೆ ಎಂದು ನನ್ನ ನೆನಪು. ಆದರೆ ಆ ಸಂಜೆ ಹೊರಡಲು ನನಗೂ ಮನಸ್ಸಿರಲಿಲ್ಲ ಎಂಬುದೂ ಅಷ್ಟೇ ಚೆನ್ನಾಗಿ ನೆನಪಿದೆ. ಆಟೋದಲ್ಲಿ ಕೇಳಿಯೇಬಿಟ್ಟೆ: "ಅತ್ತೆ, ನಿಜ ಹೇಳಿ, ಉರಿ ದೊಡ್ಡದು ಮಾಡಿದ್ದು ನೀವಾ, ನಾನಾ?"

"ಒಸಿ ನಿಧಾನಕ್ಕೆ ಓಗಪ್ಪ," ಎಂದರು ಅತ್ತೆ, ಆಟೋದವರಿಗೆ.