ಗಿಡ್ಡಪ್ಪನ ಹನ್ನೊಂದು ಮರಿಗಳು

ಕತ್ತಲಲ್ಲಿ ಕೋಳಿ ಹಿಡಿಯುವವನು ಮೊದಲು ಜುಟ್ಟು ಮುಟ್ಟಿ ನೋಡಬೇಕು. ಇಷ್ಟು ಸಣ್ಣ ಮಾತು ವಳಕಮದಿನ್ನಿಯ ಗಿಡ್ಡಪ್ಪನಿಗೆ ಐವತ್ತು ವರ್ಷವಾದರೂ ತಿಳಿದಿರಲಿಲ್ಲ.

ಹಿಂದಿನ ದಿನ ಸಂಜೆ ಬೀಗ ವೆಂಕೋಬ ಮಸ್ಕಿಯಿಂದ ಬಂದವನೇ, "ಗಂಡು ಕೂಸಪ್ಪೋ ಬೀಗ! ನಿನ್ನೆ ನಸುಕಿನ್ಯಾಗ!" ಎಂದು ಬಾಗಿಲಲ್ಲೇ ಕೂಗಿದ್ದ. ಗಿಡ್ಡಪ್ಪನ ಮಗಳು ಗಿರಿಯಮ್ಮನಿಗೆ ಇದು ಮೂರನೇ ಹೆರಿಗೆ. ಮೊದಲಿನ ಎರಡು ಕೂಸುಗಳು ತವರಿನಲ್ಲಿ ಹುಟ್ಟಿ, ತೊಟ್ಟಿಲು ಕಟ್ಟುವ ಮೊದಲೇ ಮಣ್ಣಿಗೆ ಹೋಗಿದ್ದವು. ತವರಿನ ಗಾಳಿ ಸರಿಯಿಲ್ಲವೆಂದು ಬೀಗರು ಈ ಸಲ ಆಕೆಯನ್ನು ಕಳಿಸಿಕೊಡಲಿಲ್ಲ. ಗಿಡ್ಡಪ್ಪನ ಹೆಂಡತಿ ಆದಮ್ಮನೇ ಹತ್ತು ದಿನದ ಹಿಂದೆ ಮಸ್ಕಿಗೆ ಹೋಗಿ ಕೂತಿದ್ದಳು.

ಇಂಥ ಸುದ್ದಿ ತಂದ ಬೀಗನನ್ನು ರೊಟ್ಟಿ, ಪುಂಡಿಪಲ್ಯದ ಮೇಲೆ ಕಳಿಸಲಾದೀತೆ? ಕರೆಂಟು ಹೋಗಿತ್ತು. ಆ ಊರಿಗೆ ಕರೆಂಟು ಬಂದಾಗಿನಿಂದ ಇದ್ದದ್ದಕ್ಕಿಂತ ಹೋದದ್ದೇ ಹೆಚ್ಚು. ಪಡಸಾಲೆಯ ಮೂಲೆಯಲ್ಲಿ ಎರಡು ಬುಟ್ಟಿ ಬೋರಲು ಹಾಕಿದ್ದವು, ಒಂದರ ಕೆಳಗೆ ಹುಂಜ, ಇನ್ನೊಂದರ ಕೆಳಗೆ ಮರಿಗಳ ಸಮೇತ ಹೇಂಟೆ. ಗಿಡ್ಡಪ್ಪ ಸಂತೋಷದ ಭರದಲ್ಲಿ ಕೈಗೆ ಸಿಕ್ಕ ಬುಟ್ಟಿ ಎತ್ತಿ, ಸಿಕ್ಕದ್ದನ್ನು ಹುಂಜವೆಂದೇ ಹಿಡಿದು, ಓಣಿಯ ರಹಮಾನಸಾಬನಿಂದ ಕೊಯ್ಯಿಸಿಕೊಂಡು ಬಂದ. ಕಂದೀಲಿನ ಬೆಳಕಿನಲ್ಲಿ ಪುಚ್ಚ ಕೀಳುವಾಗ ಕೋಳಿಯ ಕಾಲಿನಲ್ಲಿ ಒಂದು ಕಪ್ಪು ದಾರ ಕೈಗೆ ಹತ್ತಿತು.

ಆ ದಾರ ಕಟ್ಟಿದವಳು ಆದಮ್ಮ. ಹೇಂಟೆಯನ್ನು ಕಾವಿಗೆ ಕೂರಿಸುವ ದಿನ ಅದಕ್ಕೆ ಕುಂಕುಮ ಹಚ್ಚಿ, ದಾರ ಕಟ್ಟಿ, ದ್ಯಾವಮ್ಮನಿಗೆ ಕೈಮುಗಿದಿದ್ದಳು. "ಇಲ್ಲಿ ಹೆಂಗೋ ಅಲ್ಲಿ ಹಂಗ ಆಗಲಿ ತಾಯಿ" ಎಂದು ಹರಕೆ ಹೊತ್ತಿದ್ದಳು. ಇಟ್ಟ ಹನ್ನೊಂದು ತತ್ತಿಯಲ್ಲಿ ಹನ್ನೊಂದೂ ಮರಿಯಾಗಿದ್ದವು. ಮಸ್ಕಿಯ ಬಸ್ಸು ಹತ್ತುವಾಗಲೂ ಆಕೆ ಹೇಳಿದ್ದು ಒಂದೇ ಮಾತು: "ಬುಟ್ಟಿ ಮ್ಯಾಲೆ ಕಣ್ಣಿರಲಿ. ಅದರಾಗ ಏನರ ಹೆಚ್ಚುಕಡಿಮಿ ಆತಂದ್ರ ನಾ ತಿರುಗಿ ಈ ಮನಿ ಹೊಸ್ತಿಲಾ ತುಳಿಯಾಂಗಿಲ್ಲ."

ಗಿಡ್ಡಪ್ಪ ದಾರವನ್ನು ಗಪ್ಪನೆ ಉಡದಾರಕ್ಕೆ ಸಿಕ್ಕಿಸಿಕೊಂಡು, ಸಾರಿಗೆ ಒಂದು ಹಿಡಿ ಖಾರ ಹೆಚ್ಚು ಹಾಕಿದ. ಬೀಗ ಮೂಳೆ ಚೀಪುತ್ತ, "ಹುಂಜ ಭಾಳ ಮೆತ್ತಗೈತಿ ನೋಡು" ಎಂದು ಮೆಚ್ಚಿದ. ಬೆಳಿಗ್ಗೆ ಹೊರಡುವಾಗ, "ಬೀಗತಿ ಇವತ್ತು ಸಂಜೀ ಬಸ್ಸಿಗೆ ಬರ್ತಾಳ, ಬಾಣಂತಿ ಸಾಮಾನು ಒಯ್ಯಾಕ" ಎಂದೂ ಹೇಳಿಹೋದ.

ಹೇಂಟೆಯನ್ನು ಮುಂಗುಸಿ ಒಯ್ದಿತೆಂದು ಹೇಳಿದರಾಯಿತು, ಅದು ದೊಡ್ಡ ಮಾತಲ್ಲ ಎಂದು ಗಿಡ್ಡಪ್ಪ ಲೆಕ್ಕ ಹಾಕಿದ. ಆದರೆ ಮರಿಗಳು? ಇಲ್ಲಿ ಮರಿ ಹೇಗೋ ಅಲ್ಲಿ ಕೂಸು ಹಾಗೆ. ಹನ್ನೊಂದನ್ನೂ ಸಂಜೆತನಕ ಉಳಿಸಬೇಕು. ಉಳಿದರೆ ಮೊಮ್ಮಗ ಉಳಿದ.

ಬುಟ್ಟಿ ಎತ್ತಿದ. ಪುಷ್ಯದ ಚಳಿ. ಹನ್ನೆರಡು ದಿನದ ಮರಿಗಳು ಒಂದರ ಮೇಲೊಂದು ಮುದುಡಿ ಬಿದ್ದಿದ್ದವು. ಬೆಳಕು ಕಂಡದ್ದೇ ತಾಯಿಯನ್ನು ಹುಡುಕುತ್ತ ಕಿಂವ್ ಕಿಂವ್ ಎಂದು ಹನ್ನೊಂದು ದಿಕ್ಕಿಗೆ ಓಡಿದವು. ಗಿಡ್ಡಪ್ಪನೂ ಅವುಗಳ ಹಿಂದೆ ಓಡಿದ. ನಾಲ್ಕನೇ ಹೆಜ್ಜೆಗೆ ಪಾದದ ಕೆಳಗೆ ಮೆತ್ತಗೆ ಏನೋ ಸಿಕ್ಕಿತು.

ಕಾಲೆತ್ತಿ ನೋಡುವ ಧೈರ್ಯ ಬರಲು ಅವನಿಗೆ ಬಹಳ ಹೊತ್ತು ಹಿಡಿಯಿತು. ಆ ಮರಿಯನ್ನು ಅಂಗೈಯಲ್ಲಿ ಎತ್ತಿಕೊಂಡು, ಹುಲ್ಲಿನ ಬಣವೆಯ ಹಿಂದೆ ಕುಣಿ ತೋಡಿದ. ಹಿಂದೆ ಎರಡು ಸಲ ಇದಕ್ಕಿಂತ ತುಸು ದೊಡ್ಡ ಕುಣಿ ತೋಡಿದ್ದ ಕೈ ಅದು. ಹನ್ನೊಂದರಲ್ಲಿ ಒಂದು ಹೋದರೆ ಕೂಸಿನ ಯಾವ ಪಾಲು ಹೋದಂತೆ? ಒಂದು ಬೆರಳೇ, ಒಂದು ಕಿವಿಯೇ? ಕೇಳೋಣವೆಂದರೆ ಯಾರನ್ನು ಕೇಳುವುದು?

ಕೇಳದಿದ್ದರೂ ಹೇಳಲು ಪಕ್ಕದ ಮನೆಯ ಹುಸೇನಮ್ಮ ಬಂದಳು. ಓಣಿಯಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ಮೊದಲು ಗೊತ್ತಾಗುವುದು ಅವಳಿಗೆ.

"ಯಾಕೋ ಗಿಡ್ಡಣ್ಣ, ಮರಿ ಹಿಂಗ ಬಾಯಿ ಬಾಯಿ ಬಡಕೊಳ್ಳಾಕತ್ತ್ಯಾವ? ಹೇಂಟಿ ಎಲ್ಲೈತಿ?"

"ಮುಂಗುಸಿ ಒಯ್ತವ್ವ."

"ಮುಂಗುಸಿ ಪುಚ್ಚ ಕಿತ್ತು ತಿಪ್ಪೀಗೆ ಹಾಕಿ ಹೋಗೈತೇನು?" ಎಂದಳು ಹುಸೇನಮ್ಮ. ಗಿಡ್ಡಪ್ಪ ತಲೆ ತಗ್ಗಿಸಿದ. ಅವಳಿಗೆ ಕರುಣೆ ಬಂತು. "ಇರ್ಲಿ ಬಿಡು. ನನ್ನ ಕರಿ ಹೇಂಟಿ ಕಾವಿಗೆ ಕುಂತೈತಿ. ಅದರ ಮಗ್ಗಲಾಗ ಮೆಲ್ಲಕ ಸರಸು. ಕಾವಿಗೆ ಕುಂತ ಕೋಳಿಗೆ ತನ್ನದು, ಮಂದೀದು ಅನ್ನೋ ಭೇದ ಇರಾಂಗಿಲ್ಲ."

ಹುಸೇನಮ್ಮನ ಕರಿ ಹೇಂಟೆಗೆ ಭೇದ ಚೆನ್ನಾಗಿಯೇ ಇತ್ತು. ಮೊದಲು ಸರಿಸಿದ ಮರಿಯ ನೆತ್ತಿಗೆ ಒಂದೇ ಏಟು ಕುಕ್ಕಿತು. ಮರಿ ಕಾಲು ಚಾಚಿತು. ಗಿಡ್ಡಪ್ಪ ಉಳಿದವನ್ನು ಕಸಿದುಕೊಳ್ಳುವ ಗಡಿಬಿಡಿಯಲ್ಲಿ ಗೂಡಿನ ಮೇಲೆಯೇ ಬಿದ್ದ. ಹೇಂಟೆ ಕೊಕ್ಕೊಕ್ಕೋ ಎಂದು ಮಾಳಿಗೆ ಹತ್ತಿತು. ಹದಿಮೂರು ತತ್ತಿಯಲ್ಲಿ ಎಂಟು ಅವನ ಎದೆಗೇ ಒಡೆದಿದ್ದವು.

"ಹೊಟ್ಟಿ ಉರಿಸಿದೆಲ್ಲೋ ಮೂಳ!" ಎಂದು ಹುಸೇನಮ್ಮ ಬಾಯಿ ಬಡಿದುಕೊಂಡಳು. ಅವಳ ಕರುಣೆ ಅಲ್ಲಿಗೆ ಮುಗಿಯಿತು.

ಆ ಗದ್ದಲಕ್ಕೆ ಕಟ್ಟೆಯ ಮೇಲೆ ಕೂತಿದ್ದ ಕರಿಬಸಯ್ಯ ಎದ್ದು ಬಂದ. ಕರಿಬಸಯ್ಯನಿಗೆ ಗೊತ್ತಿಲ್ಲದ ಕೆಲಸವಿಲ್ಲ, ಮಾಡಿ ಮುಗಿಸಿದ ಕೆಲಸವೂ ಇಲ್ಲ.

"ಮರೀಗೆ ಬೇಕಾಗಿದ್ದು ತಾಯಿ ಅಲ್ಲೋ ಹುಚ್ಚಪ್ಪ, ಕಾವು. ಸಿಂಧನೂರಾಗ ಫಾರಂ ಕೋಳಿ ಸಾಕೋರು ಏನ್ ಮಾಡ್ತಾರ? ಬಲ್ಬು ಹಾಕ್ತಾರ. ನಿನ್ನಲ್ಲಿ ಬಲ್ಬಿಲ್ಲಂದ್ರ ಕಂದೀಲಿ ಇಡು."

ಬುಟ್ಟಿಯೊಳಗೆ ಕಂದೀಲು ಇಟ್ಟು, ಮೇಲೆ ಗೋಣಿಚೀಲ ಹೊದಿಸಿದರು. ಒಂಬತ್ತು ಮರಿಗಳೂ ಕಂದೀಲಿನ ಸುತ್ತ ಕೂತು ಕಣ್ಣು ಮುಚ್ಚಿದವು. "ನೋಡಿದೇನು?" ಎಂದು ಕರಿಬಸಯ್ಯ ಬೀಡಿ ಹಚ್ಚಿದ. ಬೀಡಿ ಅರ್ಧಕ್ಕೆ ಬಂದಿರಲಿಲ್ಲ, ಗೋಣಿಚೀಲ ಹೊಗೆಯಾಡತೊಡಗಿತು. ಗಿಡ್ಡಪ್ಪ ಬುಟ್ಟಿಯನ್ನು ಒದ್ದು ಅಂಗಳಕ್ಕೆ ಉರುಳಿಸುವುದಕ್ಕೂ, ಕರಿಬಸಯ್ಯ ಮುಸುರೆ ನೀರಿನ ಬಾನಿ ಎತ್ತಿ ಸುರಿಯುವುದಕ್ಕೂ ಸರಿಹೋಯಿತು. ಬೆಂಕಿ ಆರಿತು. ಗಿಡ್ಡಪ್ಪನೂ ಮರಿಗಳೂ ನೆತ್ತಿಯಿಂದ ತೊಯ್ದರು. ಅಂಗಳದಲ್ಲಿ ಚೆಲ್ಲಾಪಿಲ್ಲಿಯಾದ ಒಂಬತ್ತು ಹಳದಿ ಮುದ್ದೆಗಳನ್ನು ಕಂಡು ಬೇವಿನ ಗಿಡದ ಹದ್ದು ಇಳಿದು ಬಂತು, ಒಂದನ್ನು ಒಯ್ಯಿತು.

ಗಿಡ್ಡಪ್ಪ ಅಂಗಳದ ನಡುವೆ ಕುಕ್ಕರಿಸಿ, ಉಳಿದ ಎಂಟನ್ನು ಎರಡೂ ತೋಳಿಂದ ಬಳಸಿಕೊಂಡು ಅಳತೊಡಗಿದ. ಗಂಡಸು ಅಳುವುದನ್ನು ನೋಡಿ ಹುಸೇನಮ್ಮ ಒಡೆದ ತತ್ತಿಗಳನ್ನು ಮರೆತು ಹತ್ತಿರ ಬಂದಳು.

"ಅಳಬ್ಯಾಡೋ ಅಣ್ಣ. ಹೇಂಟೀಗೆ ದಿನಾ ನುಚ್ಚು ಹಾಕತಿದ್ದಾಕಿ ಆದವ್ವ. ಮರಿ ತತ್ತಿ ಒಡದು ಬಂದಾಗ ಮೊದಲು ಕಂಡದ್ದೂ ಆಕಿ ಸೀರೀನ, ಅದರ ಗುರುತೈತಿ. ಅದನ್ನ ಉಟ್ಕೊ. ನುಚ್ಚು ಚೆಲ್ಲಿ ಕೊಕ್ ಕೊಕ್ ಅಂತ ಬೆರಳಿಲೆ ನೆಲ ಕುಟ್ಟು."

ಮಾನ ಹೋದರೂ ಮೊಮ್ಮಗ ಉಳಿಯಲಿ ಎಂದು ಗಿಡ್ಡಪ್ಪ ಹೆಂಡತಿಯ ಹಸಿರು ಇಳಕಲ್ ಸೀರೆ ಉಟ್ಟ. ನೆಲಕ್ಕೆ ಬಾಗಿ, ಬೆರಳು ಕುಟ್ಟುತ್ತ, "ಕೊಕ್... ಕೊಕ್..." ಎಂದ. ಒಂದು ಮರಿ ತಲೆಯೆತ್ತಿತು. ಎರಡನೆಯದು ಬಂತು. ಆಮೇಲೆ ಎಂಟೂ ಓಡಿ ಬಂದು ಸೀರೆಯ ನಿರಿಗೆಯೊಳಗೆ ನುಗ್ಗಿದವು. ಗಿಡ್ಡಪ್ಪ ಹೋದಲ್ಲಿ ಮರಿಗಳು ಹೋದವು, ಮರಿಗಳು ಹೋದಲ್ಲಿ ಊರು ಹೋಯಿತು. ನಾಟಿಗೆ ಹೊರಟ ಹೆಣ್ಣುಮಕ್ಕಳು ಬದುವಿನ ಮೇಲೆ ನಿಂತು ನಕ್ಕರು. ಗೌಡರ ಮನೆಯ ಮುದುಕಿ, "ಯಾರ ಮನಿ ಸೊಸೀನೋ ಇಕಿ, ಮೀಸಿ ಬಂದಾವ" ಎಂದಳು. ಅವನಿಗೆ ಬೇಕಾದದ್ದು ಇನ್ನು ಮೂರು ಮರಿ.

ದೇವರು ಕಣ್ಣು ಬಿಟ್ಟನೆಂಬಂತೆ ಮಧ್ಯಾಹ್ನ ಸಿಂಧನೂರಿನ ಇಸ್ಮಾಯಿಲ್‌ಸಾಬ್ ಸೈಕಲ್ಲಿನ ಮೇಲೆ ಬಂದ. "ಹಳೇ ಪ್ಲಾಸ್ಟಿಕ್, ಹರಕ ಚಪ್ಲಿ ಕೊಡ್ರೀ, ಬಣ್ಣದ ಮರಿ ತಗೊಳ್ರೀ!" ಫಾರಂನವರು ಬೇಡವೆಂದು ಬಿಟ್ಟ ಮರಿಗಳಿಗೆ ಬಣ್ಣ ಬಳಿದು ಮಾರುವುದು ಅವನ ವ್ಯಾಪಾರ. ಗಿಡ್ಡಪ್ಪನ ಮನೆಯಲ್ಲಿ ಹಳೇ ಪ್ಲಾಸ್ಟಿಕ್ ಇರಲಿಲ್ಲ. ಆದಮ್ಮ ನೀರು ತರುವ ಹೊಸ ಕೊಡ ಇತ್ತು, ಅದನ್ನೇ ಕೊಟ್ಟು ಮೂರು ಮರಿ ತಗೊಂಡ. ಎರಡು ಹಸಿರು, ಒಂದು ಗುಲಾಬಿ.

"ಇವು ರಾತ್ರಿತನಾ ಬದಕ್ತಾವೇನ್ರಿ ಸಾಬ್ರ?"

"ಅಲ್ಲಾನ ಕೈಯಾಗೈತಿ ಅಕ್ಕಾ" ಎಂದ ಇಸ್ಮಾಯಿಲ್‌ಸಾಬ್. ಅವನಿಗೆ ಕಣ್ಣು ತುಸು ಮಂದ.

ಬಣ್ಣ ತೊಳೆಯಲು ಗಿಡ್ಡಪ್ಪ ಕಾಲುವೆಗೆ ಹೋದ. ತಣ್ಣನೆ ನೀರಿನಲ್ಲಿ ಮೊಣಕಾಲುಮಟ ಇಳಿದು, ಮೊದಲೇ ತೊಯ್ದ ಮೈ ಮತ್ತೆ ತೊಯ್ದು, ಒಂದೊಂದೇ ಮರಿಯನ್ನು ತಿಕ್ಕಿ ತೊಳೆದ. ಹಸಿರು ಹೋಯಿತು. ಗುಲಾಬಿ ಎಷ್ಟು ತಿಕ್ಕಿದರೂ ಹೋಗಲಿಲ್ಲ. ನಡುಗುತ್ತಿದ್ದ ಮೂರನ್ನೂ ಎದೆಗೆ ಅವಚಿಕೊಂಡು ಬಿಸಿಲಲ್ಲಿ ಕೂತು, ಬಾಯಿಂದ ಬಿಸಿ ಉಸಿರು ಊದಿ ಊದಿ ಒಣಗಿಸಿದ. ಒದ್ದೆ ಸೀರೆ ಮೈಮೇಲೆಯೇ ಆರಿತು.

ಸೂರ್ಯ ಇಳಿಯುವ ಹೊತ್ತಿಗೆ ಪಡಸಾಲೆಯಲ್ಲಿ ಕಾಲು ಚಾಚಿ ಕೂತ ಗಿಡ್ಡಪ್ಪನ ಮಡಿಲಲ್ಲಿ ಹನ್ನೊಂದು ಮರಿಗಳಿದ್ದವು. ಮತ್ತೆ ಮತ್ತೆ ಎಣಿಸಿದ, ಹನ್ನೊಂದೇ. ಬಸ್ಸಿನ ಹಾರ್ನು ಕೇಳಿಸಿತು. ಹುಸೇನಮ್ಮ, ಕರಿಬಸಯ್ಯ ಇಬ್ಬರೂ ತಮಾಷೆ ನೋಡಲು ಬಾಗಿಲಲ್ಲಿ ನಿಂತರು.

ಆದಮ್ಮ ಬಂದಳು. ಅವಳ ಮುಖ ಸುಟ್ಟ ಬದನೆಕಾಯಿಯಂತಾಗಿತ್ತು. ಗಂಡ ತನ್ನ ಸೀರೆ ಉಟ್ಟದ್ದನ್ನು ಕಂಡೂ ಕಾಣದವಳಂತೆ ಸೀದಾ ಬುಟ್ಟಿಯ ಹತ್ತಿರ ಹೋದಳು.

"ಹೇಂಟಿ ಎಲ್ಲಿ?"

"ಮೊದಲು ಇಲ್ಲಿ ನೋಡಬೇ, ಹನ್ನೊಂದಕ್ಕ ಹನ್ನೊಂದೂ ಅದಾವ! ಎಣಿಸು ಬೇಕಾದ್ರ!"

"ಮರಿ ಯಾರು ಕೇಳ್ಯಾರ ನಿನಗ? ಹೇಂಟಿ ಎಲ್ಲಿ?"

"ಕೂಸು... ಕೂಸು ಹೆಂಗೈತಿ?"

"ಕೂಸು ಕಲ್ಲುಗುಂಡಿನಂಗ ಗಟ್ಟಿ ಐತಿ. ಗಿರಿಯವ್ವಗ ನಿನ್ನೆ ದೀಪಾ ಹಚ್ಚೋ ಹೊತ್ತಿನ್ಯಾಗ ಜ್ವರ ಏರ್‍ಯಾವ. ಮೈ ಕೆಂಡ. ಡಾಕ್ಟರು ಸೂಜಿ ಹಾಕ್ಯಾರ, ನಾಳಿ ಮುಂಜಾನಿತನಾ ನೋಡ್ರಿ ಅಂದಾರ." ಆದಮ್ಮನ ದನಿ ಒಡೆಯಿತು. "ಹನ್ನೊಂದು ಮರಿಯಾಗ ಹದ್ದು ಒಯ್ತಾವ, ಕಾಗಿ ಒಯ್ತಾವ. ಅದರ ಮ್ಯಾಲೆ ಯಾರರ ಹರಕಿ ಹೊರ್ತಾರೇನು? ನಾ ದಾರ ಕಟ್ಟಿದ್ದು ಹೇಂಟೀಗೆ. ಒಂದೇ ಉಂಡೀ ದಾರ, ಅದರ ಕಾಲಾಗಷ್ಟು, ಮಗಳ ಕಾಲಾಗಷ್ಟು. ಎರಡು ಕೂಸು ಹೋದ್ರೂ ಎದಿ ಗಟ್ಟಿ ಮಾಡಿಕೊಂಡೆ. ನನಗ ನನ್ನ ಮಗಳು ಬೇಕು."

ದೀಪ ಹಚ್ಚುವ ಹೊತ್ತಿನಲ್ಲಿ ತಾನು ಏನು ಮಾಡುತ್ತಿದ್ದೆ ಎಂಬುದು ಗಿಡ್ಡಪ್ಪನಿಗೆ ನೆನಪಾಯಿತು. ಮುಂಗುಸಿಯ ಸುಳ್ಳು ಬಾಯಿಗೆ ಬರಲಿಲ್ಲ. ಉಡದಾರದಿಂದ ಕಪ್ಪು ದಾರ ಬಿಚ್ಚಿ ಅವಳ ಮುಂದೆ ಹಿಡಿದ.

ಆದಮ್ಮ ದಾರವನ್ನು ಕೈಗೆ ತಗೊಂಡಳು. ಅದನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದಳು. ಕತ್ತಲಾಗುತ್ತಿತ್ತು. ಮರಿಗಳು ಒಂದೊಂದಾಗಿ ಅವನ ಸೀರೆಯ ನಿರಿಗೆಯೊಳಗೆ, ಕಂಕುಳಿನೊಳಗೆ ತೂರಿ ಕಣ್ಣು ಮುಚ್ಚುತ್ತಿದ್ದವು. ಗುಲಾಬಿ ಮರಿ ಅವನ ಕುತ್ತಿಗೆಯ ಹತ್ತಿರ ಕೂತಿತ್ತು.

"ಕಾಲು ಚಾಚು" ಎಂದಳು.

"ಯಾಕ?"

"ಮರಿಗೆ ತಾಯಿ ಇಲ್ಲ ಅನ್ನಂಗಿಲ್ಲ. ಅವು ಯಾರ ಮಗ್ಗಲಾಗ ಮಲಗ್ಯಾವ ಅದ ಹೇಂಟಿ. ಬಲಿತು ಬ್ಯಾರೆ ಆಗೋತನಾ ನೀನ ಹೇಂಟಿ." ದಾರವನ್ನು ಅವನ ಎಡಗಾಲಿಗೆ ಸುತ್ತಿ, ಮೂರು ಗಂಟು ಹಾಕಿ ಬಿಗಿದಳು. ಹುಸೇನಮ್ಮ ಅವಸರದಿಂದ ಕುಂಕುಮ ತಂದು ಹಣೆಗೆ ಹಚ್ಚಿದಳು. ಕರಿಬಸಯ್ಯ ಕೂಡ ಈ ಸಲ ಬುದ್ಧಿ ಹೇಳಲಿಲ್ಲ, ಟೋಪಿ ತೆಗೆದು ನಿಂತ.

"ಹುಷಾರು ಮತ್ತ. ಇನ್ನ ಮ್ಯಾಲೆ ನಿನಗ ಏನರ ಆತಂದ್ರ ಮಗಳಿಗೆ ಆದಂಗ" ಎಂದಳು ಆದಮ್ಮ. "ನಾಳಿ ಮುಂಜಾನಿತನಾ ಕೆಮ್ಮು, ನೆಗಡಿ, ಜ್ವರ ಏನೂ ತಂದ್ಕೋಬ್ಯಾಡ."

ಗಿಡ್ಡಪ್ಪ ಹೂಂ ಎನ್ನಲು ಬಾಯಿ ತೆರೆದ. ಮುಸುರೆ ನೀರು, ಕಾಲುವೆ ನೀರು, ಪುಷ್ಯದ ಗಾಳಿ ಮೂರೂ ಸೇರಿ ಒಂದು ಸೀನಾಗಿ ಮೂಗಿನ ತುದಿಗೆ ಬಂದು ನಿಂತವು. ಬೆನ್ನಿನಲ್ಲಿ ಸಣ್ಣಗೆ ಚಳಿ ಹೊಕ್ಕಿತ್ತು. ಅವನು ಮರಿಗಳು ಅಲುಗದಂತೆ ಮೆಲ್ಲಗೆ ಎರಡೂ ಕೈಯೆತ್ತಿ ಮೂಗು ಒತ್ತಿ ಹಿಡಿದುಕೊಂಡು, ಮಸ್ಕಿಯ ದಿಕ್ಕಿಗೆ ಕಣ್ಣು ಬಿಟ್ಟುಕೊಂಡು ಕೂತ.