ಥಂಡಿ ಖೋಲಿ ಬಾಜೂಕಿನ ಸರ್ವರ್

ನನಗೆ ಕಂಪ್ಯೂಟರ್ ಬರುವುದಿಲ್ಲ. ಈ ಮಾತನ್ನು ದಯವಿಟ್ಟು ತಿಕೋಟಾದಲ್ಲಿ ಮಾತ್ರ ಯಾರ ಮುಂದೆಯೂ ಆಡಬೇಡಿ. ಅಲ್ಲಿನ ಒಂದು ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜಿನ ಆಫೀಸಿನಲ್ಲಿ ನಾನು ಕಂಪ್ಯೂಟರ್ ಪಂಡಿತೆ ಎಂದೇ ಹೆಸರಾಗಿದ್ದೇನೆ. ಈ ಪಾಂಡಿತ್ಯಕ್ಕೆಲ್ಲ ಆಧಾರ ಒಂದೇ: ಸರ್ವರ್ ಎಲ್ಲಿದೆ ಎಂಬುದು ನನಗೆ ಗೊತ್ತು, ಉಳಿದವರಿಗೆ ಗೊತ್ತಿಲ್ಲ. ವಿಜಯಪುರದ ಜಲನಗರದಲ್ಲಿರುವ ನಮ್ಮ ಮನೆಯಲ್ಲಿಯೂ ನನ್ನ ಹುದ್ದೆ ಹೆಚ್ಚುಕಡಿಮೆ ಇದೇ. ನನ್ನ ಗಂಡನಿಗೆ ಹೆಗಲ ಮೇಲಿನ ಟವೆಲ್ಲು ನಾನು ಹೇಳಿದ ಮೇಲೆಯೇ ಕಾಣುತ್ತದೆ. ಆದರೆ ಮನೆಯಲ್ಲಿ ಇದಕ್ಕೆ ಪಾಂಡಿತ್ಯ ಎನ್ನುವುದಿಲ್ಲ, ಸಂಸಾರ ಎನ್ನುತ್ತಾರೆ. ಆದ್ದರಿಂದ ನಾನು ದಿನಾ ಬಸ್ಸು ಹತ್ತಿ, ಮರ್ಯಾದೆ ಸಿಗುವ ತಿಕೋಟಾಕ್ಕೆ ಹೋಗುತ್ತೇನೆ.

ನಮ್ಮ ಆಫೀಸಿನಲ್ಲಿ ಸರ್ವರ್ ಎಂಬ ಹೆಸರಿನ ಎರಡು ಕರಿ ಪೆಟ್ಟಿಗೆಗಳಿವೆ. ಬೆಳೆಗಾರರು ತಂದಿಟ್ಟ ಮಾಲಿನ ಲೆಕ್ಕ ಒಂದರಲ್ಲಿ, ಬಿಲ್ಲುಗಳೆಲ್ಲ ಇನ್ನೊಂದರಲ್ಲಿ. ಇವನ್ನು ಜೋಡಿಸಿಕೊಟ್ಟ ಎಂಜಿನಿಯರ್ ಮಹಾಶಯ ಎರಡಕ್ಕೂ ಲಾರಿಯ ನಂಬರಿಗಿಂತ ಉದ್ದದ ಇಂಗ್ಲಿಷ್ ಹೆಸರಿಟ್ಟು, ಕೊನೆಯ ಒಂದು ಅಂಕಿಯಲ್ಲಷ್ಟೇ ಬದಲಾವಣೆ ಮಾಡಿ, ತನ್ನ ಬುದ್ಧಿಗೆ ತಾನೇ ಮೆಚ್ಚಿ ಹೊರಟುಹೋದ. ಮೇಜಿನ ಮೇಲಿನ ಕಂಪ್ಯೂಟರಿನಿಂದ ಇವನ್ನು ಹುಡುಕಬೇಕಾದರೆ ನೆಟ್‌ವರ್ಕ್ ಎಂದಿರುವಲ್ಲಿ ಒತ್ತಬೇಕು. ಮನಸ್ಸು ಬಂದರೆ ಸರ್ವರುಗಳು ಕಾಣಿಸಿಕೊಳ್ಳುತ್ತವೆ. ಇಲ್ಲದಿದ್ದರೆ ಪ್ರಿಂಟರೊಂದೇ ಬಂದು ನಿಂತು ನಮ್ಮ ಮುಖ ನೋಡುತ್ತದೆ. ಆಗ ಮೇಲಿನ ಪಟ್ಟಿಯಲ್ಲಿ ಎರಡು ಓರೆಗೆರೆ ಎಳೆದು, ಆ ಲಾರಿ ನಂಬರನ್ನು ತಪ್ಪಿಲ್ಲದೆ ಟೈಪ್ ಮಾಡಬೇಕು. ಅದು ನನಗೆ ಬಾಯಿಪಾಠವಾಗಿತ್ತು. ಇದಿಷ್ಟೇ ನೋಡಿ ನನ್ನ ಸಕಲ ವಿದ್ಯೆ.

ವಿದ್ಯೆ ಇದ್ದವರಿಗೆ ರಜೆ ಇರುವುದಿಲ್ಲ. ನನ್ನ ತಂಗಿ ಸವಿತಾಳ ನಿಶ್ಚಯದ ದಿನ ಬೀಗರೆಲ್ಲ ಬಂದು ಕೂತಿದ್ದಾಗ ಮಾಲೀಕರ ಫೋನ್ ಬಂತು. ಮಾಲೀಕರನ್ನು ನಾವು ಸಾವಕಾರರು ಎನ್ನುತ್ತೇವೆ. "ಶೈಲವ್ವಾ, ಸರ್ವರ್ ಸಿಗವಲ್ದು ನೋಡು. ರೈತ್ರು ಬಂದು ಕುಂತಾರ" ಎಂದರು. "ಎರಡು ಗೆರಿ ಹಾಕ್ರಿ ಸಾವಕಾರ್ರ, ಎಡಕ್ಕ ವಾಲಿದ್ದು" ಎಂದೆ. ಅತ್ತ ಕಡೆ ಕೀಲಿಗಳ ಮೇಲೆ ಬೆರಳು ಓಡಾಡಿದ ಸದ್ದು. ಆಮೇಲೆ, "ಯಾರ ಎಡಕ್ಕ? ನಂದೋ, ಕಂಪ್ಯೂಟರಿಂದೋ?" ಈ ತತ್ತ್ವಜಿಜ್ಞಾಸೆ ಮುಗಿದು ಸರ್ವರ್ ಸಿಗುವಷ್ಟರಲ್ಲಿ ಇಲ್ಲಿ ಉಂಗುರ ತೊಡಿಸಿ, ಹಾರ ಹಾಕಿ, ಮಂದಿ ಊಟಕ್ಕೂ ಕೂತಿದ್ದರು. ಸವಿತಾ ನನ್ನ ಸಂಗಡ ಬಹಳ ದಿನ ಮಾತು ಬಿಟ್ಟಿದ್ದಳು. ಅವಳ ಸಿಟ್ಟು ನನಗೆ ನಿಜಕ್ಕೂ ನಾಟಿತ್ತು.

ಈಗ ಅವಳು ಬಿಜ್ಜರಗಿಯ ಸೊಸೆ, ಬಸುರಿ. ಕುಬಸದ, ಅಂದರೆ ಸೀಮಂತದ, ದಿನ ಗೊತ್ತಾದ ಕೂಡಲೇ ಫೋನ್ ಮಾಡಿದಳು. "ಅಕ್ಕಾ, ನನಗ ಮೊದಲ ಆರತಿ ನೀನ ಎತ್ತಬೇಕು. ಆದ್ರ ಒಂದ ಮಾತು. ಕಿವಿಗೆ ಫೋನ್ ಹಚ್ಚಿದ್ದು ಕಂಡೆ ಅಂದ್ರ ಅವತ್ತ ನಿಂದೂ ನಂದೂ ಮುಗೀತು." ಬಸುರಿಯ ಮಾತು ಮೀರಬಾರದು. ಅಷ್ಟೇ ಅಲ್ಲ, ಮೀರಿದರೆ ಈ ಹುಡುಗಿ ಬಿಡುವವಳೂ ಅಲ್ಲ. ಹಾಗಾಗಿ ನಾನಿಲ್ಲದೆಯೂ ಎಲ್ಲರಿಗೂ ಸರ್ವರ್ ಸಿಗುವಂತೆ ಮಾಡಿಬಿಡಬೇಕೆಂದು ನಿರ್ಧರಿಸಿದೆ.

ಉಪಾಯವನ್ನು ಬಸ್ಸಿನಲ್ಲಿ ಕೂತು ಫೋನಿನಲ್ಲಿ ವಿಡಿಯೋ ನೋಡಿ ಕಲಿತೆ. ಸರ್ವರಿನ ಫೋಲ್ಡರನ್ನು ಮೌಸಿನ ಬಲಗುಂಡಿಯಿಂದ ಹಿಡಿದೆಳೆದು ಡೆಸ್ಕ್‌ಟಾಪಿನ ಮೇಲೆ ಬಿಟ್ಟರೆ, ಶಾರ್ಟ್‌ಕಟ್ ಮಾಡಲೇ ಎಂದು ಅದೇ ಕೇಳುತ್ತದೆ. ಹೂಂ ಎಂದರೆ ಮುಗಿಯಿತು. ಇಷ್ಟು ಸಲೀಸಾದ ಕೆಲಸವನ್ನು ಇಷ್ಟು ವರ್ಷ ಏಕೆ ಮಾಡಲಿಲ್ಲ ಎಂದು ಕೇಳುವ ಕಿಡಿಗೇಡಿಗಳಿದ್ದಾರೆ. ಓಣಿಯ ತುದಿಗೆ ಬೋರ್ಡು ನೆಟ್ಟುಬಿಟ್ಟರೆ ಅಲ್ಲಿ ನಿಂತು ದಾರಿ ಹೇಳುವವರ ಗತಿ ಏನಾಗಬೇಕು, ನೀವೇ ಹೇಳಿ.

ಮೊದಲ ದಿನ ಎಲ್ಲರ ಡೆಸ್ಕ್‌ಟಾಪಿನಲ್ಲೂ ಶಾರ್ಟ್‌ಕಟ್ ಇಟ್ಟು ಬಂದೆ. ಮರುದಿನ ನೋಡಿದರೆ ಸಾವಕಾರರ ಪರದೆ ಸ್ವಚ್ಛ, ಎರಡೂ ಕಸದ ಬುಟ್ಟಿಯಲ್ಲಿ! ಅವರ ಪರದೆಯ ತುಂಬ ತೀರಿಕೊಂಡ ತಂದೆಯವರ ಹಾರ ಹಾಕಿದ ಫೋಟೋ ಇದೆ. "ಒಂದು ನಮ್ಮಪ್ಪನ ಹಣಿ ಮ್ಯಾಲ ಕುಂತಿತ್ತು, ಇನ್ನೊಂದು ಮೀಸಿ ಮ್ಯಾಲ. ತಗದೆ" ಎಂದರು. ಪಾದದ ಹತ್ತಿರ ಇಡಲೇ ಎಂದೆ. ಪಾದದ ಹತ್ತಿರ ಹೂವಲ್ಲದೆ ಬೇರೇನೂ ಇಡುವ ಪದ್ಧತಿ ಅವರಲ್ಲಿಲ್ಲವಂತೆ. ಹಿರಿಯರ ಬಲಗಡೆ, ರುಮಾಲಿನ ಅಂಚಿಗೆ ತಾಗದಂತೆ ಸ್ವಲ್ಪ ಜಾಗ ಮಂಜೂರಾಯಿತು.

ಇನ್ನು ಮ್ಯಾನೇಜರ್ ಮಲ್ಲಣ್ಣನವರು. ಎಂ.ಕಾಂ. ಓದಿದವರು, ಅದನ್ನು ದಿನಕ್ಕೊಮ್ಮೆಯಾದರೂ ನೆನಪಿಸುವವರು. ಶಾರ್ಟ್‌ಕಟ್ಟು ಅವರ ಕಣ್ಣೆದುರೇ ಇತ್ತು. ಆದರೂ ಕರೆದು, "ಇವೆರಡರಾಗ ಮಾಲಿಂದು ಯಾವುದು? ಅದು ಯಾವ ಕಡೆ ಬರ್ತೈತ್ರಿ?" ಎಂದು, ಹೊಸ ಊರಿನಲ್ಲಿ ಮನೆ ವಿಚಾರಿಸುವವರಂತೆ ಕೇಳಿದರು. ಆಗ ನನಗೆ ಹೊಳೆಯಿತು. ನಮ್ಮಲ್ಲಿ ಮನೆಯ ನಂಬರು ಹೇಳಿ ಮನೆ ಮುಟ್ಟಿದವರು ಯಾರಿದ್ದಾರೆ? ನೀರಿನ ಟಾಕಿ ಹಿಂದೆ, ದವಾಖಾನೆ ಎದುರು, ಹಿಟ್ಟಿನ ಗಿರಣಿ ಬಾಜೂಕೆ ಎಂದರೆ ಕಣ್ಣು ಮುಚ್ಚಿಕೊಂಡು ಬರುತ್ತಾರೆ. ಮಾಲಿನ ಲೆಕ್ಕದ ಪೆಟ್ಟಿಗೆ ಇರುವುದು ಮಾಲು ಇಡುವ ಕೋಲ್ಡ್ ರೂಮಿನ, ನಮ್ಮವರ ಬಾಯಲ್ಲಿ ಥಂಡಿ ಖೋಲಿಯ, ಪಕ್ಕದಲ್ಲಿ, ಬಿಲ್ಲುಗಳದ್ದು ಸಾವಕಾರರ ಕುರ್ಚಿಯ ಹಿಂದೆ. ಶಾರ್ಟ್‌ಕಟ್ಟಿನ ಹೆಸರು ಬದಲಾಯಿಸಿದೆ: "ಥಂಡಿ ಖೋಲಿ ಬಾಜೂಕಿನ ಸರ್ವರ್", "ಸಾವಕಾರ್ರ ಖುರ್ಚಿ ಹಿಂದಿನ ಸರ್ವರ್". ಎರಡನೆಯದಕ್ಕೆ ಸಾವಕಾರರು ತಕರಾರು ತೆಗೆದರು. "ನನ್ನ ಹಿಂದ ಏನೋ ನಡದೈತಿ ಅಂತಾರಲ್ಲವಾ ಮಂದಿ!" ಬಿಲ್ಲುಗಳ ವಿಷಯದಲ್ಲಿ ಮಂದಿ ಅದನ್ನು ಮೊದಲಿನಿಂದಲೂ ಅನ್ನುತ್ತಿದ್ದರು, ನಾನು ಹೇಳಲಿಲ್ಲ. ಅಂತೂ ಆವತ್ತಿನಿಂದ ಒಬ್ಬರೂ ನನ್ನನ್ನು ಕರೆಯಲಿಲ್ಲ. ಎಂ.ಕಾಂ. ಅವರೂ ಕೂಡ.

ಕುಬಸದ ದಿನ ಬಿಜ್ಜರಗಿಗೆ ಹೋದೆ. ಹಸಿರು ಸೀರೆ, ಕೈತುಂಬ ಹಸಿರು ಬಳೆ, ಸವಿತಾ ಲಕಲಕ ಹೊಳೆಯುತ್ತಿದ್ದಳು. ನನ್ನ ಫೋನ್ ಚೀಲದೊಳಗಿತ್ತು. ಸುಮ್ಮನೇ ಇತ್ತು. ಎಷ್ಟು ಸುಮ್ಮನೆ ಎಂದರೆ ನನಗೇ ದಿಗಿಲಾಗಿ, ಮನೆಯಲ್ಲಿದ್ದ ಗಂಡನಿಗೆ ಮೆಸೇಜು ಹಾಕಿ ಒಂದು ಮಿಸ್ಡ್ ಕಾಲ್ ಕೊಡಿಸಿಕೊಂಡೆ. ಬಂತು. ಫೋನಿಗೆ ಏನೂ ಆಗಿರಲಿಲ್ಲ. ಆಗಿದ್ದೆಲ್ಲ ನನಗೇ. ಇಷ್ಟು ಬೇಗ ಮರೆತರಲ್ಲ, ಉಪಕಾರಗೇಡಿಗಳು, ಎಂದು ಹೊಟ್ಟೆಯುರಿಯಿತು.

ಅಷ್ಟರಲ್ಲಿ ನಮ್ಮ ಚಿಗವ್ವ, ಅವ್ವನ ತಂಗಿ, ಹತ್ತು ಮಂದಿಯ ನಡುವೆ ಕೇಳಿಬಿಟ್ಟಳು. "ಅಲ್ಲವಾ ಶೈಲಾ, ಇವತ್ತ ನಿನ್ನ ಫೋನ್ ಬಡಕೊಳ್ಳವಲ್ದಲ್ಲ? ನೌಕರಿ ಬಿಡಿಸ್ಯಾರೇನ ಮತ್ತ?" ಬೀಗರ ಕಡೆಯ ಹೆಂಗಸರೆಲ್ಲ ನನ್ನತ್ತ ತಿರುಗಿದರು. ನಾನಿಲ್ಲದೆ ಆಫೀಸಿನಲ್ಲಿ ಹುಲ್ಲುಕಡ್ಡಿಯೂ ಅಲುಗುವುದಿಲ್ಲ ಎಂದು ಸವಿತಾಳ ಅತ್ತೆಗೆ ನಮ್ಮವ್ವ ಬಹಳ ಹಿಂದೆಯೇ ಸಾರಿದ್ದಳು. ಅವ್ವನ ಮುಖ ಸಣ್ಣದಾಯಿತು. "ಏ, ಹಂಗೇನಿಲ್ಲ ಬೇ" ಎಂದವಳೇ ಫೋನ್ ತೆಗೆದು ನಾನೇ ಸಾವಕಾರರಿಗೆ ಹಚ್ಚಿದೆ. "ಸಾವಕಾರ್ರ, ಸರ್ವರ್ ಸಿಕ್ತೇನ್ರಿ?" "ಸಿಕ್ತವಾ, ಥಂಡಿ ಖೋಲಿ ಬಾಜೂಕ. ನೀ ಆರಾಮ ಇರು. ಬೇಕಾದ್ರ ಇನ್ನೆರಡ ದಿನ ಇದ್ದ ಬಾ" ಎಂದು ಫೋನ್ ಇಟ್ಟೇಬಿಟ್ಟರು.

ನಾನು ಇಡಲಿಲ್ಲ. "ಅಯ್ಯ, ಅದನ್ನ ಒತ್ತಬ್ಯಾಡ್ರಿ! ಎಲ್ಲಾ ಅಳಿಸಿ ಹೋಗ್ತೈತಿ!" ಎಂದು ಕೂಗಿದೆ. ಹೆಂಗಸರು ಕಣ್ಣರಳಿಸಿದರು. ಅವ್ವನ ಮುಖ ಮೊದಲಿನ ಅಳತೆಗೆ ಬಂತು. ಹುರುಪು ಬಂದು ಅಂಗಳಕ್ಕೆ ಇಳಿದು, ಆಡುಗಳ ಮಧ್ಯೆ ಓಡಾಡುತ್ತ, ಅತ್ತ ಯಾರೂ ಇಲ್ಲದ ಫೋನಿಗೆ ಎರಡು ಗೆರೆಗಳ ಪಾಠವನ್ನು ಮೊದಲಿನಿಂದ ಶುರುಮಾಡಿದೆ. ಒಳಗೆ ಹಾಡು ಎದ್ದಿತು, ಆರತಿಗೆ ಅಕ್ಕನನ್ನು ಕರೆಯಿರಿ ಎಂದರು. ಒಂದೇ ನಿಮಿಷ ಎಂದು ಕೈ ಮಾಡಿದೆ. ಅಷ್ಟು ದೊಡ್ಡ ಕೆಲಸ ತಟ್ಟನೆ ಮುಗಿದರೆ ಯಾರಾದರೂ ನಂಬುತ್ತಾರೆಯೇ? ಆರತಿಯನ್ನು ಚಿಗವ್ವ ಎತ್ತಿದಳು.

ಹಾಡು ನಿಂತ ಮೇಲೆ ಸವಿತಾ ಸೀದಾ ನನ್ನ ಮುಂದೆ ಬಂದು ನಿಂತಳು, ಹಿಂದೆ ಹೆಂಗಸರ ಹಿಂಡು. ಕಣ್ಣಲ್ಲಿ ನೀರಿತ್ತು. ಫೋನ್ ಕಸಿದುಕೊಂಡು, "ಸಾವಕಾರ್ರ, ನಿಮಗ ಅಕ್ಕ ತಂಗೇರು ಇಲ್ಲೇನ್ರಿ? ಒಂದ ದಿನ ನಮ್ಮಕ್ಕನ್ನ ಬಿಡಾಕ ಆಗಂಗಿಲ್ಲೇನ್ರಿ ನಿಮಗ?" ಎಂದು ಝಾಡಿಸಿದಳು. ಉತ್ತರವಿಲ್ಲ. ಫೋನನ್ನು ಕಿವಿಯಿಂದ ತೆಗೆದು ಪರದೆ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಾಚಿಕೆಯಿಂದ ಭೂಮಿಗಿಳಿದು ಹೋಗುವಂತಾಗಿ, ನಾನು ಆಡು ಕಟ್ಟಿದ ಗೂಟವನ್ನು ನೋಡುತ್ತ ನಿಂತೆ.

ಅವಳು ಫೋನನ್ನು ಮತ್ತೆ ಕಿವಿಗೆ ಹಚ್ಚಿದಳು. ದನಿ ಸಕ್ಕರೆಯಾಗಿತ್ತು. "ಹೌದ್ರೀ? ಅಷ್ಟ ಅರ್ಜಂಟ್ ಐತೇನ್ರಿ? ಆತ್ರಿ, ಈಗಿಂದೀಗ ಕಳಸ್ತೇವ್ರಿ." ಆಮೇಲೆ ಎಲ್ಲರ ಕಡೆ ತಿರುಗಿ, "ಅಕ್ಕ ಕೂಡ್ಲೇ ಹೊಂಡಬೇಕಂತ ಬೇ. ಆಕಿ ಇಲ್ಲದ ಆಫೀಸ ಬಂದ್ ಬಿದ್ದೈತಂತ" ಎಂದಳು.

ಇಲ್ಲ ಎನ್ನಲು ನನಗೆ ಬಾಯೆಲ್ಲಿತ್ತು? ಉಣ್ಣಲು ಕೂತರೆ ತಡವಾಗುತ್ತದೆಂದು ಚಿಗವ್ವನೇ ನಾಲ್ಕು ಹೋಳಿಗೆ ಕಟ್ಟಿಕೊಟ್ಟಳು. ಅವ್ವ ಹೆಮ್ಮೆಯಿಂದ ಬಸ್ಸಿನ ತನಕ ಬಂದು ಕೈಬೀಸಿದಳು. ಸವಿತಾ ಬಾಗಿಲಲ್ಲೇ ನಿಂತಿದ್ದಳು, ಕೈ ಎತ್ತಲಿಲ್ಲ. ಬಸ್ಸು ಊರು ದಾಟಿದ ಮೇಲೆ ಬೇರೆ ದಾರಿ ಕಾಣದೆ ಸಾವಕಾರರಿಗೆ ಫೋನ್ ಮಾಡಿ, "ಈಗ ಬರಾಕತ್ತೇನ್ರಿ" ಎಂದೆ.

"ಯಾಕವಾ?" ಎಂದರು.